ಮಿಸೆಸ್ ಹಾರ್ಟ್‌ಲಿಯವರ ನೀಲಿ ಬಟ್ಟಲು

ಸದ್ದಿಲ್ಲದ ಹಳ್ಳಿಯಲ್ಲಿ ಏನೂ ನಡೆಯುವುದಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬ. ವಾಷಿಂಗ್ಟನ್ನಿನ ಸುದ್ದಿಮನೆಯೊಂದರಲ್ಲಿ ದಿನವಿಡೀ ಫೋನುಗಳ ನಡುವೆ ಕೂರುವವನಿಗೆ ಅಂಥ ನಂಬಿಕೆಯೂ ಬೇಕಾಗುತ್ತದೆ. ತೊಂಬತ್ತರ ದಶಕದಲ್ಲೊಮ್ಮೆ ಮೈಸೂರಿನಿಂದ ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ ಮರಳುವಾಗ ನಾನೂ ಹೆಂಡತಿ ವಿಮಲೆಯೂ ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ ಮೂರು ದಿನ ಬಾಡಿಗೆಗೆ ಮನೆ ಹಿಡಿದೆವು. ಹನ್ನೊಂದು ಮನೆ, ಒಂದು ಚರ್ಚು, ಕಲ್ಲುಗೋಡೆಯ ಮೇಲೆ ಬಾಗಿದ ಪ್ಲಮ್ ಮರಗಳು, ಆಚೆ ಕುರಿಗಳು. ಆ ಕುರಿಗಳೂ ಪಿಸುಮಾತಿನಲ್ಲಿ ಅರಚುತ್ತಿದ್ದವು ಎಂದು ಬರೆಯಲು ಆಸೆ. ಆದರೆ ನಾನು ಕೇಳಿಲ್ಲ.

ನಮ್ಮ ಸೂಟ್‌ಕೇಸಿನಲ್ಲಿ ಅತ್ತೆ ಹುರಿದು, ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಟ್ಟ ಸಾರಿನ ಪುಡಿಯ ಐದು ಪೊಟ್ಟಣಗಳಿದ್ದವು. ಕೊಲಂಬಿಯಾದಲ್ಲಿ ಇಡೀ ವರ್ಷದ ಸಾರು ಅವುಗಳನ್ನೇ ನಂಬಿತ್ತು. ಮೊದಲ ದಿನವೇ ಪಕ್ಕದ ಮನೆಯ ಮಿಸೆಸ್ ಹಾರ್ಟ್‌ಲಿ ಎಂಬ ವೃದ್ಧೆ ನೀಲಿ ಬಟ್ಟಲಿನ ತುಂಬ ಪ್ಲಮ್ ಹಣ್ಣು ತಂದರು. ವಿಮಲೆ ಬಟ್ಟಲು ತೊಳೆದವಳೇ ಸೂಟ್‌ಕೇಸಿಗೆ ಕೈಹಾಕಿದಳು.

"ಬರೀ ಬಟ್ಟಲು ಹೇಗ್ರೀ ವಾಪಸ್ ಕೊಡೋದು? ಒಂದ್ ಪ್ಯಾಕೆಟ್ ಕೊಡ್ತೀನಿ."

"ಅವರಿಗೆ ಸಾರು ಮಾಡೋಕೆ ಬರತ್ತಾ?"

"ನಿಮಗೆ ಬರತ್ತಾ? ತಟ್ಟೆ ತುಂಬ ಸುರ್ಕೊಂಡು ತಿನ್ನಲ್ವಾ?"

ಸಂಜೆಗೆ ಬಟ್ಟಲು ಜಾಮ್ ಬಾಟಲಿಯೊಂದಿಗೆ ಬಂತು. ಪುಡಿ ಹೋಯಿತು. ಮತ್ತೆ ಜಾಮ್, ಮತ್ತೆ ಪುಡಿ. ಹೊರಡುವ ಬೆಳಿಗ್ಗೆ ನಮ್ಮಲ್ಲಿ ನಾಲ್ಕು ಬಾಟಲಿ ಜಾಮ್, ಒಂದೇ ಪೊಟ್ಟಣ ಪುಡಿ ಮತ್ತು ಆ ಬಟ್ಟಲು. ವಿಮಲೆ ಸ್ನಾನಕ್ಕೆ ಹೋದದ್ದೇ ತಡ, ನಾನು ಖಾಲಿ ಬಟ್ಟಲನ್ನು ಕೋಟಿನೊಳಗೆ ಅಡಗಿಸಿಕೊಂಡು ಪಕ್ಕದ ಮನೆಗೆ ನಡೆದೆ.

ಮಿಸೆಸ್ ಹಾರ್ಟ್‌ಲಿ ಬಟ್ಟಲೊಳಗೆ ಇಣುಕಿ ನೆಮ್ಮದಿಯ ನಿಟ್ಟುಸಿರುಬಿಟ್ಟರು. ತಮ್ಮ ಜಾಮ್ ಮುಗಿದು, ಕೊನೆಯ ಬಾಟಲಿಯನ್ನು ತಂಗಿಯಿಂದ ತಂದಿದ್ದರಂತೆ. "ಆದರೆ ನಿಮ್ಮ ಪುಡಿ ಅದ್ಭುತ! ಲೆಟಿಸ್ ಸೊಪ್ಪಿನ ಗಿಡಗಳ ಸುತ್ತ ಉದುರಿಸಿದ ಮೇಲೆ ಒಂದು ಬಸವನಹುಳುವೂ ಹತ್ತಿರ ಸುಳಿದಿಲ್ಲ" ಎಂದರು.

ಇದನ್ನು ಹೇಗೆ ಹೇಳಲಿ ಎಂದುಕೊಳ್ಳುತ್ತ ಬಂದರೆ, ಬಟ್ಟಲು ಕಾಣದ್ದಕ್ಕೆ ವಿಮಲೆ ಕೆಂಡವಾಗಿದ್ದಳು. "ಖಾಲಿ ಕೊಟ್ರಾ? ಅಮ್ಮಂಗೆ ಗೊತ್ತಾದ್ರೆ ಏನಂದ್ಕೋತಾರ್ರೀ!" ಎಂದು ಕೊನೆಯ ಪೊಟ್ಟಣ ಹಿಡಿದು ಓಡಿದಳು. ತಡೆಯಲು ಒಂದು ವಾಕ್ಯ ಸಾಕಿತ್ತು. ನಾನು ಜಾಮ್ ಬಾಟಲಿಗಳನ್ನು ಸೂಟ್‌ಕೇಸಿಗೆ ಜೋಡಿಸತೊಡಗಿದೆ.

ಆ ವರ್ಷವೆಲ್ಲ ಬ್ರೆಡ್ಡು, ಜಾಮು. ವಿಮಲೆ ಆಗಾಗ, "ಪಾಪ, ಆ ಅಜ್ಜಿ ಸಾರು ಮಾಡ್ಕೊಂಡಿರ್ತಾರೆ ಅಲ್ವೇನ್ರೀ?" ಎಂದು ಕೇಳುತ್ತಿದ್ದಳು.

"ಒಂದು ಚೂರೂ ದಂಡ ಮಾಡಿರಲ್ಲ" ಎನ್ನುತ್ತಿದ್ದೆ. ಸುದ್ದಿಯ ಮಟ್ಟಿಗೆ ಅದು ಸರಿಯೇ ಇತ್ತು.