ಬಚ್ಚಲುಮನೆಗೆ ಬಂದ ಗೀಜರ್, ಹಿಂದೆಯೇ ಬಂದ ಅವ್ವ

ಮನೆಯಲ್ಲಿ ಗಂಡಸಿಗೆ ಪೂರ್ತಿ ಧೈರ್ಯ ಬರುವ ಜಾಗ ಒಂದೇ, ಅದು ಬಚ್ಚಲುಮನೆ. ಹೊರಗೆ ಹೆಂಡತಿಯ ಮುಂದೆ ಬಾಯಿ ಬಿಡದವನು ಒಳಗೆ ಚಿಲಕ ಹಾಕಿಕೊಂಡು ಗಟ್ಟಿಯಾಗಿ ಹಾಡುತ್ತಾನೆ. ಬೀಗರಿಗೆ ಕೊಡಬೇಕಾಗಿದ್ದ ಉತ್ತರಗಳನ್ನೆಲ್ಲ ಅಲ್ಲೇ ಕೊಟ್ಟು ಗೆದ್ದು ಬರುತ್ತಾನೆ. ನಾನೂ ಹಾಗೇ ಬದುಕಿಕೊಂಡಿದ್ದವನು. ಜೇವರ್ಗಿಯಲ್ಲಿ ಪುಸ್ತಕದ ಅಂಗಡಿ ಇಟ್ಟುಕೊಂಡ, ಐವತ್ತು ದಾಟಿದ ನಾನು ಅಂಥ ಜಾಗಕ್ಕೇ ಹೋಗಲು ಹೆದರಿ, ಅಂಗಳದ ನಳದಲ್ಲಿ ಕೈಕಾಲು ತೊಳೆದು ಸ್ನಾನವಾಯಿತೆಂದು ಹೇಳಿದ್ದೂ ಉಂಟು. ಇದಕ್ಕೆಲ್ಲ ಕಾರಣ ನೀರು ಕಾಯಿಸುವ ಒಂದು ಡಬ್ಬಿ.

ನಮ್ಮ ಮಗಳು ಸುಮಾ ಚೊಚ್ಚಲ ಹೆರಿಗೆಗೆ ಅಫಜಲಪುರದಿಂದ ಬರುವವಳಿದ್ದಳು. ನಮ್ಮ ಕಡೆ ಬಾಣಂತಿಗೆ ನೀರು ಹಾಕುವುದೆಂದರೆ ಬೆನ್ನು ಕೆಂಪಾಗಬೇಕು, ಸುಡುನೀರು ಹಂಡೆಗಟ್ಟಲೆ ಬೇಕು. ಅವ್ವನ ಕಾಲದ ತಾಮ್ರದ ಬಂಬವೇನೋ ಇತ್ತು. ನಡುವಿನ ಕೊಳವೆಯಲ್ಲಿ ತೊಗರಿ ಕಟ್ಟಿಗೆ ಉರಿಸಿದರೆ ಸುತ್ತಲಿನ ನೀರು ಕಾಯುತ್ತಿತ್ತು. ಅವ್ವ ಹೋದ ಮೇಲೆ ಅದು ತಳ ಸೋರಿ ಹಿತ್ತಲು ಸೇರಿತ್ತು. ಹೊಸದು ಯಾವುದು ತರೋಣ ಎಂದು ಕೇಳಿದ್ದೇ ತಡ, ಆಳಂದದ ಭಾವಮೈದುನ ಸೋಲಾರ್ ಎಂದ. ಶ್ರಾವಣದ ಮೋಡದಲ್ಲಿ ಸೂರ್ಯನನ್ನು ಎಲ್ಲಿಂದ ತರಲಿ ಎಂದರೆ, ಆಗ ಅದನ್ನು ಕರೆಂಟಿನ ಮೇಲೆ ನಡೆಸಬಹುದು ಎಂದ. ಹಾಗಾದರೆ ನಿನ್ನ ಸೋಲಾರ್ ಯಾತಕ್ಕೆ ಎಂದು ಕೇಳಿದ್ದಕ್ಕೆ ಮಾತು ಬಿಟ್ಟ. ಅಫಜಲಪುರದ ಬೀಗರು ತಮ್ಮ ಮನೆಯ ಕರೆಂಟಿನ ಗೀಜರನ್ನು ಹೊಗಳಿದರು. ಆದರೆ ನಮ್ಮ ಓಣಿಯ ಕರೆಂಟು, ಕಣ್ಣಿಗೆ ಸಾಬೂನು ಹೋಗುವವರೆಗೆ ಕಾದಿದ್ದು ಆಮೇಲೆ ಹೋಗುವಂಥದ್ದು. ಬೀಗರ ಮನೆಯಲ್ಲಿ ಇಲ್ಲದ್ದು ನಮ್ಮಲ್ಲಿರಲಿ ಎಂಬ ಹುರುಪೂ ಸೇರಿಕೊಂಡು ಗ್ಯಾಸ್ ಗೀಜರ್ ತಂದುಬಿಟ್ಟೆ. ನಳ ತಿರುವಿದರೆ ಭಕ್ ಎಂದು ನೀಲಿ ಉರಿ, ಕೂಡಲೇ ಬಿಸಿನೀರು. ಬಾಣಂತಿಗೆ ಗಾಳಿ ತಾಕಬಾರದಲ್ಲ, ಹೆಂಡತಿ ಮಹಾದೇವಿ ಬಚ್ಚಲಿನ ಕಿಟಕಿಗೆ ಅವ್ವ ಹೊಲಿದ ಹಳೆಯ ಕೌದಿ ತುರುಕಿದಳು, ಬಾಗಿಲ ಸಂದಿಗೆ ಗೋಣಿತಟ್ಟು ಇಟ್ಟು ಮೊಳೆ ಹೊಡೆಸಿದಳು. ಮಗಳು ಬರುವ ಮೊದಲು ನಾನೇ ಮಿಂದು ನೋಡಬೇಕೆಂದು ತೀರ್ಮಾನವಾಯಿತು.

ಮೊದಲ ದಿನ ನೀರು ಹಾಕಿಕೊಳ್ಳುತ್ತ ಕೂತೆ. ಹಬೆ ತುಂಬಿ ಗೋಡೆ ಕಾಣದಾಯಿತು. ಉರಿಯ ಸದ್ದಿನ ಹಿಂದೆ ಇನ್ನೊಂದು ಸದ್ದು ಕೇಳಿಸಿತು, ಯಾರೋ ನಿಧಾನವಾಗಿ ಉಸಿರಾಡುತ್ತಿದ್ದರು. ಆಮೇಲೆ ಬಳೆ ಅಲ್ಲಾಡಿತು.

"ಸಿದ್ಯಾ, ಸಾಕ್ ಏಳ್ ಲೇ."

ಪೇಟೆಗೆಲ್ಲ ನಾನು ಸಿದ್ರಾಮಪ್ಪ. ಸಿದ್ಯಾ ಎನ್ನುತ್ತಿದ್ದವಳು ಅವ್ವ ಒಬ್ಬಳೇ, ಅವಳು ತೀರಿಕೊಂಡು ಮೂರು ವರ್ಷವಾಗಿದೆ. ತಲೆ ಭಾರವಾಗಿ, ಹೇಗೋ ಟವೆಲ್ ಸುತ್ತಿಕೊಂಡು ಹೊರಗೆ ಬಿದ್ದೆ. ಮರುದಿನ ಹಬೆಯ ಮೂಲೆಯಲ್ಲಿ ಹಸಿರು ಸೆರಗು ಕಂಡಿತು. ಬೆನ್ನ ಮೇಲೆ ಕೈ ಬಂತು. ಒರಟು ಕೈ, ನನಗೆ ಚೆನ್ನಾಗಿ ಗುರುತಿದ್ದ ಕೈ. "ಆ ಕೌದಿ ತಗಿ ಲೇ," ಎಂದಳು ಅವ್ವ, "ಉಸುರು ಕಟ್ಟಾಕತ್ತದ."

ನಮ್ಮಲ್ಲಿ ಸತ್ತವರು ಲಿಂಗೈಕ್ಯರಾಗುತ್ತಾರೆ. ಹಾಗಾದವರು ತಿರುಗಿ ಬರುವ ಪದ್ಧತಿಯಿಲ್ಲ, ಅದೂ ಬಚ್ಚಲುಮನೆಗೆ. ಮಠದ ಅಯ್ಯನವರನ್ನು ಕೇಳೋಣವೆಂದರೆ, ಆಗ ನೀವು ಯಾವ ಸ್ಥಿತಿಯಲ್ಲಿದ್ದಿರಿ ಎಂದು ಅವರು ಕೇಳಿದರೆ ಏನು ಹೇಳಲಿ? ಕೊನೆಗೆ ಮಹಾದೇವಿಗೆ ಹೇಳಿದೆ. ಅವಳು ಹೆದರಲಿಲ್ಲ, ಮುಖ ಊದಿಸಿಕೊಂಡಳು. "ಅತ್ತಿ ಕಾಲು ಒತ್ತಿದಾಕಿ ನಾನು. ನಿಮ್ಮ ಕೂಡ ಮಾತಾಡ್ತಾರ, ನನ್ನ ಕೂಡ ಒಂದು ಮಾತಿಲ್ಲೇನ್ರಿ?" ಎಂದು ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋಗಿ ಬಿಸಿನೀರು ಬಿಟ್ಟುಕೊಂಡಳು. ಬಹಳ ಹೊತ್ತಿನ ಮೇಲೆ ಹಣೆ ಒತ್ತಿಕೊಳ್ಳುತ್ತ ಹೊರಗೆ ಬಂದು, ಅತ್ತೆ ತನಗೂ ಬೈದರೆಂದು ಹೆಮ್ಮೆಯಿಂದ ಹೇಳಿದಳು. ಅವ್ವ ಹೊಲಿದ ಕೌದಿಯನ್ನು ಬಚ್ಚಲಿಗೆ ಹಾಕಿದ್ದೇ ಅವಳ ಸಿಟ್ಟಿಗೆ ಕಾರಣವೆಂದು ಇಬ್ಬರೂ ಒಪ್ಪಿಕೊಂಡೆವು. ಮಹಾದೇವಿ ಕೌದಿಯನ್ನು ಒಗೆದು, ಕೈಮುಗಿದು ಪೆಟ್ಟಿಗೆಯಲ್ಲಿಟ್ಟಳು. ಅದರ ಜಾಗಕ್ಕೆ ಇನ್ನೂ ದಪ್ಪನೆಯ ಹೊಸ ಕಂಬಳಿ ತುರುಕಿದಳು.

ಸುಮಾ ಬಂದಳು. ದಿನ ತುಂಬಿದ ಹುಡುಗಿ ಹೆದರಬಾರದೆಂದು ನಾವಿಬ್ಬರೂ ಬಾಯಿ ಬಿಡಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಚೊಂಬಿನ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಗೀಜರಿನ ಉರಿ ಮಾತ್ರ ಗುಂಯ್ ಎನ್ನುತ್ತಲೇ ಇತ್ತು. ಕರೆದೆ, ಓಗೊಡಲಿಲ್ಲ. ಅಜ್ಜಿ ಮೊಮ್ಮಗಳು ಮಾತಾಡಿಕೊಳ್ಳುತ್ತಿರಬೇಕು, ನಡುವೆ ನಾನೇಕೆ ಹೋಗಲಿ ಎಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ. ಆಗ ನನ್ನ ಕಿವಿಯ ಹಿಂದೆಯೇ ದನಿ ಬಂತು.

"ಬಾಗಲಾ ಮುರಿ ಲೇ, ಸಿದ್ಯಾ."

ಒದ್ದೆ. ಎರಡನೆಯ ಒದೆತಕ್ಕೆ ಚಿಲಕ ಕಿತ್ತುಬಂತು. ಸುಮಾ ಗೋಡೆಗೆ ಒರಗಿದ್ದಳು, ಕುತ್ತಿಗೆ ವಾಲಿತ್ತು. ಓಡಿ ಬಂದ ಮಹಾದೇವಿ ಅವಳಿಗೆ ಸೀರೆ ಸುತ್ತಿದಳು, ಇಬ್ಬರೂ ಸೇರಿ ಅಂಗಳಕ್ಕೆ ಎಳೆದು ತಂದೆವು. ಗಾಳಿಗೆ ಬಂದ ಮೇಲೆ ಅವಳು ಕಣ್ಣು ಬಿಟ್ಟಳು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ಹೊಟ್ಟೆಗೆ ಯಂತ್ರವಿಟ್ಟು ಕೂಸಿನ ಎದೆಬಡಿತ ಕೇಳಿಸಿದರು. ಅದನ್ನು ಕೇಳಿ ನಾನು ಎಲ್ಲರೆದುರು ಗೋಳೋ ಎಂದು ಅತ್ತುಬಿಟ್ಟೆ.

ಡಾಕ್ಟರಮ್ಮ ಚೆನ್ನಾಗಿ ಬೈದರು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ವಿಷಗಾಳಿ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ, ತಲೆ ಸುತ್ತುತ್ತದೆ, ಇಲ್ಲದವರು ಕಾಣಬಹುದು, ಮಾತೂ ಆಡಬಹುದು ಎಂದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಯ ಸಲ ದನಿ ಕೇಳಿದಾಗ ನಾನು ಬಚ್ಚಲಲ್ಲಿರಲಿಲ್ಲ, ಅಂಗಳದ ಬಯಲು ಗಾಳಿಯಲ್ಲಿದ್ದೆ ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಮಗಳ ಪಕ್ಕದ ಮಂಚದಲ್ಲಿ ನನ್ನನ್ನೂ ಮಲಗಿಸುತ್ತಿದ್ದರು.

ಹೆರಿಗೆ ಸುಸೂತ್ರವಾಯಿತು, ಹೆಣ್ಣುಕೂಸು. ಗೀಜರ್ ಕಿತ್ತುಹಾಕಿಸಿ ಬಂಬಕ್ಕೆ ಬೆಸುಗೆ ಹಾಕಿಸಿದ್ದೇವೆ, ಹಿತ್ತಲಲ್ಲೇ ನೀರು ಕಾಯುತ್ತದೆ. ಈಗ ಓಣಿಯಲ್ಲಿ ಯಾರು ಗೀಜರ್ ಕೊಳ್ಳುವುದಾದರೂ ನನ್ನನ್ನು ಕೇಳಲು ಬರುತ್ತಾರೆ. ಯಾವುದಾದರೂ ತಗೊಳ್ಳಿ, ಗ್ಯಾಸಿನದಾದರೆ ಬಚ್ಚಲ ಹೊರಗೆ ಕೂರಿಸಿ ಎನ್ನುತ್ತೇನೆ. ಅಷ್ಟು ಸರಿಯಾದ ಹೊತ್ತಿಗೆ ಬಾಗಿಲು ಮುರಿಯಬೇಕೆಂದು ಹೇಗೆ ಹೊಳೀತ್ರಿ ಎಂದು ಕೇಳಿದರೆ, ಅದು ನನ್ನ ಸಮಯಪ್ರಜ್ಞೆ ಎಂದು ಎದೆಯುಬ್ಬಿಸುತ್ತೇನೆ. ಇಷ್ಟು ದೊಡ್ಡ ಸುಳ್ಳಿಗಾದರೂ ಅವ್ವ ಬೈಯುತ್ತಾಳೇನೋ ಎಂದು ಬಚ್ಚಲಲ್ಲಿ, ಕಿಟಕಿ ತೆರೆದಿಟ್ಟು, ಸ್ವಲ್ಪ ಹೆಚ್ಚು ಹೊತ್ತೇ ಕೂರುತ್ತೇನೆ. ಬಕೆಟ್ಟಿನಲ್ಲಿ ನೀರು ಆರಿಹೋಗುತ್ತದೆ. ಇನ್ನೂ ಮುಗಿದಿಲ್ಲವೇನು ಎಂದು ಹೊರಗಿನಿಂದ ಮಹಾದೇವಿ ಬೈಯುತ್ತಾಳೆ. ಸದ್ಯಕ್ಕೆ ಬೈಗುಳ ಅವಳದೊಂದೇ.