ನಲ್ಲಿ ಬಿಟ್ಟ ಮಹಾಶಯ

"ಈ ಭಾನುವಾರ ಒಬ್ಬನನ್ನ ಮುಗಿಸಿಯೇ ಬಿಡ್ತೀನಿ, ನೋಡ್ತಾ ಇರು!" ಎಂದು ತತ್ತ್ವಶಾಸ್ತ್ರದ ಪ್ರೊಫೆಸರರು ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಘೋಷಿಸಿದರು.

ಅವರ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವರು ತಲೆಯನ್ನೂ ಎತ್ತದೆ ಕೇಳಿದರು: "ಯಾರನ್ನ್ರೀ?"

"ಯಾರೋ ಗೊತ್ತಿಲ್ಲ. ಅದೇ ಅದರ ಮಜಾ!"

ಗಾಬರಿಯಾಗಬೇಡಿ. ಪ್ರೊಫೆಸರರು ದಾರಿಯಲ್ಲಿ ಇರುವೆ ಕಂಡರೂ ಸುತ್ತಿಬಳಸಿ ಹೋಗುವ ಸಾಧು ಪ್ರಾಣಿ. ಸಂಶೋಧನಾ ಪತ್ರಿಕೆಯೊಂದು ಅವರಿಗೆ ಒಂದು ಲೇಖನ ಕಳಿಸಿ, ಅಚ್ಚಿಗೆ ಯೋಗ್ಯವೋ ಅಲ್ಲವೋ ಹೇಳಿ ಎಂದು ಕೇಳಿತ್ತು. ಬರೆದವರ ಹೆಸರು ಅಳಿಸಿ ಕಳಿಸುವುದು ಈ ವ್ಯವಹಾರದ ಪದ್ಧತಿ. ಮುಖ ನೋಡಿ ಮಣೆ ಹಾಕಬಾರದಲ್ಲ!

ಪ್ರೊಫೆಸರರ ಸಿಟ್ಟಿಗೆ ಬೇರೆಯೇ ಕಾರಣವಿತ್ತು. ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿತ್ತು. ಅದರಲ್ಲಿ ಕೂರಲು ಅವರಿಗೆ ಇನ್ನೊಂದೇ ಒಂದು ಪ್ರಕಟಿತ ಲೇಖನದ ಕೊರತೆ. ಅವರದೊಂದು ಲೇಖನ ಇದೇ ಪತ್ರಿಕೆಯ ಕಪಾಟಿನಲ್ಲಿ ನಾಲ್ಕು ವರ್ಷದಿಂದ ಕೊಳೆಯುತ್ತಿತ್ತು.

"ನನ್ನದನ್ನ ಮೂಸಿಯೂ ನೋಡಿಲ್ಲ, ಇವನ್ಯಾವನೋ ಕತ್ತೆಯದನ್ನ ಪರಿಶೀಲನೆಗೆ ಕಳಿಸಿದ್ದಾರೆ!" ಎಂದು ಹಲ್ಲು ಕಡಿದು ಕೂತರು.

ಲೇಖನದ ವಾದ ಇಷ್ಟೇ: ಮನುಷ್ಯ ಊರಿನವರನ್ನೆಲ್ಲ ಗುರುತು ಹಿಡಿಯಬಲ್ಲ, ತನ್ನನ್ನು ತಾನು ಮಾತ್ರ ಗುರುತಿಸಲಾರ. ಅದಕ್ಕೊಂದು ಉದಾಹರಣೆಯೂ ಇತ್ತು. ಒಬ್ಬ ಮಹಾಶಯನಿಗೆ ಎಲ್ಲೋ ನೀರು ಸೋರುವ ಸದ್ದು ಕೇಳುತ್ತದೆ. ಕಿಟಕಿಯಿಂದ ಬಗ್ಗಿ, ಕೆಳಗಿನ ಮನೆಯವರಿಗೆ ಅರ್ಧ ಗಂಟೆ ನಾಗರಿಕ ಕರ್ತವ್ಯದ ಪಾಠ ಹೇಳುತ್ತಾನೆ. ತಿರುಗಿ ನೋಡಿದರೆ ನಲ್ಲಿ ಬಿಟ್ಟವನು ತಾನೇ!

ಪ್ರೊಫೆಸರರು ಎರಡು ಪುಟ ಬರೆದರು. ಬರೆದರು ಎನ್ನುವುದಕ್ಕಿಂತ ಬಾರಿಸಿದರು ಎನ್ನಬೇಕು. ಕಳಿಸುವ ಗುಂಡಿ ಒತ್ತಿದ ಮೇಲೆ ಹೆಂಡತಿಯ ಮುಂದೆ ನಿಂತು, ರಾಜಾಜ್ಞೆ ಹೊರಡಿಸುವವರಂತೆ ಓದಿದರು:

"'ಲೇಖಕರಿಗೆ ತತ್ತ್ವಶಾಸ್ತ್ರವೂ ಬಾರದು, ಲೋಕಜ್ಞಾನವೂ ಇಲ್ಲ. ವಿದ್ಯಾವಂತನಾದವನು ತನ್ನದನ್ನು ಒಂದೇ ನೋಟಕ್ಕೆ ಗುರುತಿಸುತ್ತಾನೆ. ನಲ್ಲಿಯ ಪ್ರಸಂಗವಂತೂ ಶುದ್ಧ ಕಟ್ಟುಕಥೆ. ಇಂಥ ದಡ್ಡ ಭೂಮಿಯ ಮೇಲೆ ಇರಲು ಸಾಧ್ಯವೇ ಇಲ್ಲ!' ಹೇಗಿದೆ?"

ಹೆಂಡತಿಯ ಕೆಂಪು ಪೆನ್ನು ನಿಂತಿತು.

"ಯಾವ ನಲ್ಲಿ ಪ್ರಸಂಗ?"

ಪ್ರೊಫೆಸರರು ವಿವರಿಸಿದರು. ಆಕೆ ಕನ್ನಡಕ ತೆಗೆದು, ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ರೀ, ಆ ದಡ್ಡ ನೀವೇ."

"ಏನಂದೆ?"

"ನಾವು ಈ ಮನೆಗೆ ಬಂದ ವರ್ಷ. ಕೆಳಗಿನ ಮನೆ ತಾತನ ಮೇಲೆ ಕೂಗಾಡಿದ್ರಲ್ಲ? ಹಾಲ್‌ನಲ್ಲಿ ಚಾಪೆ ತೇಲ್ತಾ ಇತ್ತು. 'ಇದನ್ನ ಲೇಖನಕ್ಕೆ ಹಾಕ್ತೀನಿ' ಅಂತ ಒದ್ದೆ ಕಾಲಲ್ಲೇ ಬರೆಯೋಕೆ ಕೂತ್ರಿ. ನೆಲ ಒರೆಸಿದ್ದು ನಾನು. ಅದಕ್ಕೇ ಚೆನ್ನಾಗಿ ಜ್ಞಾಪಕ ಇದೆ!"

ಪ್ರೊಫೆಸರರು ಕಪಾಟಿಗೆ ಓಡಿದರು. ಹಳೆಯ ಕಡತ ತೆಗೆದರು. ಅದೇ ಲೇಖನ, ಅದೇ ಅಲ್ಪವಿರಾಮ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾವು ಕಂಡಿದ್ದೇವೆ. ಇವರೋ ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಕಳ್ಳನಿಗೆ ಬೈದಿದ್ದರು.

ತಕ್ಷಣ ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿದರು.

"ಆಹಾ, ಈಗ ತಾನೇ ಓದಿದೆ ಸಾರ್!" ಸಂಪಾದಕರ ದನಿ ಸಕ್ಕರೆಯಾಗಿತ್ತು. "ಎಂಥಾ ಏಟು ಕೊಟ್ಟಿದೀರಿ! ಆ ಆಸಾಮಿ ಇನ್ನು ಜನ್ಮದಲ್ಲಿ ಪೆನ್ನು ಹಿಡಿಯಲ್ಲ. ತಿರಸ್ಕಾರದ ಪತ್ರ ಬರೀತಾ ಇದೀನಿ."

"ಬರೀಬೇಡಿ! ಆ ಲೇಖನ... ನನ್ನದು."

"ನಿಮ್ಮದನ್ನ ನಿಮಗೇ ಕಳಿಸಿದ್ವಾ? ನಾನು ಈ ಕುರ್ಚಿಗೆ ಬಂದು ತಿಂಗಳಾಯ್ತಷ್ಟೇ ಸಾರ್. ಹಳೇ ಕಂತೆಯಲ್ಲಿ ಹೆಸರು ಅಳಿಸಿಟ್ಟಿದ್ದು ಸಿಕ್ತು. ಈ ವಿಷಯ ಬಲ್ಲೋರು ಯಾರು ಅಂತ ಕೇಳಿದ್ರೆ ಎಲ್ಲರೂ ನಿಮ್ಮ ಒಬ್ಬರ ಹೆಸರೇ ಹೇಳಿದ್ರು. ಅಲ್ಲಾ, ನಿಮಗೂ ಗೊತ್ತಾಗಲಿಲ್ವಾ?"

"ಗೊತ್ತಾಗಲಿಲ್ಲ."

ಅತ್ತ ಕಡೆಯಿಂದ ಬಂದ ನಗು ಮೇಜಿನಾಚೆ ಕೂತಿದ್ದ ಟೀಚರಿಗೂ ಕೇಳಿಸಿತು. "ಹಾಗಾದ್ರೆ ನಿಮ್ಮ ವಾದ ಸಾಬೀತಾಯ್ತಲ್ಲ ಸಾರ್! ಇದಕ್ಕಿಂತ ಗಟ್ಟಿ ಪುರಾವೆ ಬೇಕಾ? ಮುಂದಿನ ಸಂಚಿಕೆಗೇ ಹಾಕ್ತೀವಿ. ಒಂದೇ ಷರತ್ತು. ನಿಮ್ಮ ವಿಮರ್ಶೆಯನ್ನೂ ಪಕ್ಕದಲ್ಲೇ ಅಚ್ಚು ಹಾಕಬೇಕು. ಎರಡಕ್ಕೂ ನಿಮ್ಮದೇ ಹೆಸರು!"

ಒಪ್ಪದೆ ಗತಿಯಿರಲಿಲ್ಲ. ಮಾನವೋ ಕುರ್ಚಿಯೋ ಎಂದು ಅರೆಕ್ಷಣ ತೂಗಿ ನೋಡಿ, ಕುರ್ಚಿ ಎಂದರು.

ಫೋನಿಟ್ಟ ಮೇಲೆ ಪ್ರೊಫೆಸರರಿಗೆ ನಿಜವಾಗಿಯೂ ಸಂತೋಷವಾಯಿತು. ಗೆಲುವು ಹೇಗೆ ಬಂದರೇನು, ಗೆಲುವೇ! ಎದೆಯುಬ್ಬಿಸಿ ಕಿಟಕಿಯ ಬಳಿ ನಿಂತರು. "ಒಂದು ಪಾಠ ಕಲಿತೆ ಕಣೇ. ಇನ್ಮೇಲೆ ಇನ್ನೊಬ್ಬರನ್ನ ಬೈಯೋಕೆ ಮುಂಚೆ ನನ್ನನ್ನ ನಾನು ನೋಡ್ಕೋತೀನಿ. ಇದು ಪ್ರತಿಜ್ಞೆ!"

ಅಷ್ಟರಲ್ಲಿ ಎಲ್ಲೋ ಸರ್‍ರೆಂದು ನೀರಿನ ಸದ್ದು. ಪ್ರೊಫೆಸರರ ಹುಬ್ಬು ಗಂಟಿಕ್ಕಿತು. ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಗುಡುಗಿದರು:

"ರೀ ಕೆಳಗಿನ ಮನೆಯವರೇ! ನೀರಿನ ಬೆಲೆ ಗೊತ್ತಿಲ್ವೇನ್ರೀ ನಿಮಗೆ?"

ಹಿಂದಿನಿಂದ ಹೆಂಡತಿ ಶಾಂತವಾಗಿ ಹೇಳಿದರು:

"ಮುಖ್ಯಸ್ಥರೇ, ಸ್ವಲ್ಪ ಕಾಲೆತ್ತಿ. ಚಾಪೆ ತೇಲ್ತಾ ಇದೆ."