ದೇವದುರ್ಗದ ಸುದ್ದಿ ತಂದ ಅತ್ತೆ

ನಿಜಾಮರ ಕಾಲದಲ್ಲಿ ರಾಯಚೂರು ಜಿಲ್ಲೆಯ ಆರೋಗ್ಯ ಇಲಾಖೆಯನ್ನು ನಡೆಸುತ್ತಿದ್ದವಳು ನಮ್ಮ ಸೋದರತ್ತೆ! ನಗಬೇಡಿ. ಇಲಾಖೆಗೆ ಈ ವಿಷಯ ಗೊತ್ತಿರಲಿಲ್ಲ, ಅಷ್ಟೆ.

ಆಕೆಯದು ಬಳೆ ವ್ಯಾಪಾರ. ಬುಟ್ಟಿ ಹೊತ್ತು ದೇವದುರ್ಗದ ಹಳ್ಳಿಗಳನ್ನೆಲ್ಲ ಸುತ್ತಿ ಮಾನ್ವಿಗೆ ಬರುತ್ತಿದ್ದಳು. ನಾನು ಮಾನ್ವಿ ದವಾಖಾನೆಯಲ್ಲಿ ಸಿಡುಬು ಬರದಂತೆ ತೋಳಿಗೆ ಲಸಿಕೆ ಚುಚ್ಚುವ, ಅಂದರೆ ದೇವಿ ಹಾಕುವ ನೌಕರ. ಬಳೆ ಇಡಿಸಿಕೊಳ್ಳುವವರ ಕೈ ಹಿಡಿದ ಕೂಡಲೇ ಅತ್ತೆಯ ವಿಚಾರಣೆ ಶುರು.

"ಕೈ ಬಿಸಿ ಅದಲ್ಲ ಯವ್ವಾ, ಜ್ವರ ಎಂದಿನಿಂದ? ಕೂಸಿನ ಮೈಮ್ಯಾಗ ಗುಳ್ಳಿ ಎದ್ದಾವೇನು?"

ಉತ್ತರ ಸಿಗುವವರೆಗೆ ಬಳೆ ಗೆಣ್ಣು ದಾಟುತ್ತಿರಲಿಲ್ಲ! ಮನೆಗೆ ಸಿಡುಬಿನ ಅಮ್ಮ ಬಂದದ್ದನ್ನು ಸರ್ಕಾರದವರಿಂದ ಮುಚ್ಚಿಡುತ್ತಿದ್ದವರು, ಅಡುಗೆಮನೆಯವರೆಗೂ ಬರುವ ಬಳೆಗಾರ್ತಿಯಿಂದ ಏನು ಮುಚ್ಚಿಟ್ಟಾರು?

ದೇವದುರ್ಗದಲ್ಲಿ ಸಿಡುಬು ಎದ್ದರೆ ಪಕ್ಕದ ಮಾನ್ವಿಗೆ ತಿಳಿಸುವ ಸರ್ಕಾರಿ ಪದ್ಧತಿ ಹೇಗಿತ್ತು ಗೊತ್ತೇ? ಅಲ್ಲಿನವರು ಉರ್ದುವಿನಲ್ಲಿ ಕಾಗದ ಬರೆದು ರಾಯಚೂರಿಗೆ ಕಳಿಸಬೇಕು. ಅಲ್ಲಿ ಮೊಹರು ಬಿದ್ದು, ಸಾಹೇಬರ ರುಜು ಬಿದ್ದು, ಆಮೇಲೆ ಅದು ನಮಗೆ ಬರಬೇಕು. ಅಷ್ಟರಲ್ಲಿ ಸಿಡುಬು ತಾನೇ ನಡೆದು ಬಂದು ನಮ್ಮೂರಲ್ಲಿ ಎರಡು ಮದುವೆ ಉಂಡಿರುತ್ತಿತ್ತು!

ಅತ್ತೆಗೆ ಅಕ್ಷರ ಬಾರದು. ಊರಿಗೊಂದು ದಾರ ಮಾಡಿ, ಸಿಡುಬಿನ ಮನೆಗೊಂದು ಕೆಂಪು ಬಳೆ ಪೋಣಿಸಿ ತಂದು ನನ್ನ ಮೇಜಿನ ಮೇಲೆ ಎಸೆಯುತ್ತಿದ್ದಳು.

"ಇದು ಗಬ್ಬೂರು, ಮೂರು ಮನಿ. ಅವರ ಬೀಗರು ಇಲ್ಲೇ ನೀರಮಾನ್ವ್ಯಾಗ ಅದಾರ. ಕುಂತೇನು ನೋಡ್ತಿ, ಏಳಲೇ!"

ಅದೇ ಹೊತ್ತಿಗೆ ರಾಯಚೂರಿನ ಸಾಹೇಬರು ತಪಾಸಣೆಗೆ ಬರಬೇಕೆ! ಮೇಜಿನ ಮೇಲೆ ಬಳೆ ಕಂಡು ಕೆಂಡವಾದರು.

"ಇದು ದವಾಖಾನಿಯೋ, ಬಳಿ ಅಂಗಡಿಯೋ? ದೇವದುರ್ಗದ ಕಾಗದ ಎಲ್ಲಿ?"

ನನ್ನ ನಾಲಿಗೆ ಒಣಗಿತು. ಅತ್ತೆಯದು ಒಣಗುವ ನಾಲಿಗೆಯೇ?

"ಗಬ್ಬೂರಿನ ಮೂರು ಮನಿ ಕಾಗದ ನಿಮ್ಮ ದಫ್ತರದಾಗ ಅದರೀ ಸಾಹೇಬ್ರ! ಅದು ಇಲ್ಲಿಗೆ ಬರೂದ್ರಾಗ ರೋಗಿ ಹೊಲಕ್ಕರ ಹೋಗಿರ್ತಾನ, ಇಲ್ಲಾ ಸುಡುಗಾಡಿಗರ ಹೋಗಿರ್ತಾನ."

ಸಾಹೇಬರು ಕುರ್ಚಿ ಎಳೆದು ಕುಳಿತರು. ಆಮೇಲೆ ಲೇಖನಿ ತೆಗೆದು, "ಗಬ್ಬೂರಾಗ ಎಷ್ಟು ಮನಿ ಅಂದ್ರಿ?" ಎಂದರು. ಅಂದಿನಿಂದ ದೇವದುರ್ಗದ ಕಾಗದ ನೇರವಾಗಿ ಮಾನ್ವಿಗೇ ಬರತೊಡಗಿತು. ಅತ್ತೆಗಿಂತ ಎರಡು ದಿನ ತಡವಾಗಿ, ಅಷ್ಟೆ!

ಆ ದಿನ ಸಾಹೇಬರು ಹೋದ ಮೇಲೆ ನಾವಿಬ್ಬರೂ ನೀರಮಾನ್ವಿಗೆ ಓಡಿದೆವು. ಬೀಗರ ಮನೆಯ ಸೊಸೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆ ಸೇರಿದಳು.

"ಮದಲ ನೀ ಹಾಕಿಸ್ಕೋ. ಆಮ್ಯಾಲ ನನ್ನ ಕೂಸು," ಎಂದಳು ಅತ್ತೆಗೆ.

ಅತ್ತೆ ತಡಮಾಡದೆ ಕುಪ್ಪಸದ ತೋಳು ಮೇಲೇರಿಸಿದಳು. ಆ ತೋಳಿನ ಮೇಲೆ ದೇವಿ ಹಾಕಿದ ಗುರುತಿರಲಿಲ್ಲ. ಮೈಮೇಲೆ ಸಿಡುಬಿನ ಕಲೆಯೂ ಇಲ್ಲ. ಅಷ್ಟು ವರ್ಷ ಸಿಡುಬಿನ ಮನೆಗಳಲ್ಲಿ ಆಕೆ ಯಾವ ಕಾಪೂ ಇಲ್ಲದೆ ತಿರುಗಿದ್ದಳು!

"ಅತ್ತಿ, ಹಾಕಿಸ್ಕೊಂಡೇ ಇಲ್ಲೇನು? ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲಲೇ," ಎಂದಳು ಮೆಲ್ಲಗೆ.

ಊರೂರ ತೋಳುಗಳಿಗೆ ದೇವಿ ಹಾಕಿದ ನಾನು ಸೂಜಿ ಕೆಳಗಿಳಿಸಿದೆ. ಕಣ್ಣು ಮಂಜಾಯಿತು. ಅತ್ತೆ ನನ್ನ ಮಣಿಕಟ್ಟನ್ನು ತನ್ನ ತೋಳಿನತ್ತ ಎಳೆದುಕೊಂಡಳು.

"ಅಳಬ್ಯಾಡ, ಹಾಕು. ಕೂಸು ನೋಡಾಕತ್ತದ."